ಕರೆಂಟು ತಿಂದ ನೂಲು

ನನ್ನ ವಾರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಮಾತೇಕೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ಅವಳು ಮೈದುನನನ್ನು ಮದುವೆಯಾಗಿ ಬಂದ ತಿಂಗಳಲ್ಲೇ ಅತ್ತೆಯ ಬಾಯಲ್ಲಿ ಬರೀ ‘ಚಿಕ್ಕವಳು, ಚಿಕ್ಕವಳು’ ಎಂಬ ಜಪ. ಅದನ್ನಾದರೂ ಸಹಿಸಿಕೊಂಡೆ. ಆದರೆ ನಮ್ಮ ಕಾರ್ಖಾನೆಗೇ ಸೇರಿ, ನಾನು ಹದಿನಾಲ್ಕು ವರ್ಷ ನಿಂತ ತೊಟ್ಟಿಯ ಪಕ್ಕದಲ್ಲೇ ಬಂದು ನಿಂತಳಲ್ಲ, ಆಗ ಮೈಯೆಲ್ಲ ಉರಿದುಹೋಯಿತು.

ನಮ್ಮದು ಕಾರ್ಬನ್ ನೂಲಿನ ಕೆಲಸ. ಕುಲುಮೆಯಿಂದ ಬಂದ ನೂಲು ನುಣ್ಣಗಿರುತ್ತದೆ. ಎಣ್ಣೆ ಸುರಿದ ಕೂದಲಲ್ಲಿ ಜಡೆ ನಿಲ್ಲದ ಹಾಗೆ ಅದರ ಮೇಲೆ ಅಂಟು ನಿಲ್ಲುವುದಿಲ್ಲ. ಅದಕ್ಕೇ ಉಪ್ಪುನೀರಿನ ತೊಟ್ಟಿಯಲ್ಲಿ ಕರೆಂಟು ಹರಿಸಿ, ಅದರೊಳಗೆ ನೂಲನ್ನು ಎಳೆಯುತ್ತೇವೆ. ಮೈ ತುಸು ತರಿಯಾದರೆ ಅಂಟು ಕಚ್ಚಿಕೊಳ್ಳುತ್ತದೆ. ಕರೆಂಟು ಹೆಚ್ಚಾಯಿತೋ, ನೂಲನ್ನೇ ತಿಂದುಹಾಕುತ್ತದೆ.

ಹೊಸ ತೊಟ್ಟಿ ಬಂದಾಗ ಅದಕ್ಕೊಬ್ಬ ಮುಖ್ಯಸ್ಥೆ ಬೇಕಾಯಿತು. ಆ ಜಾಗ ನನ್ನದೇ ಎಂದುಕೊಂಡಿದ್ದೆ. ಮ್ಯಾನೇಜರ್ ನೋಡಿದರೆ, "ಇಬ್ಬರೂ ಒಂದೊಂದು ಸುರುಳಿ ಮಾಡಿ. ಆ ನೂಲಿಗೆ ಅಂಟು ಸೇರಿಸಿ ಪಟ್ಟಿ ಮಾಡಿಸ್ತೀನಿ. ಯಾರ ಪಟ್ಟಿ ಹೆಚ್ಚು ಒತ್ತಡ ತಡೆಯುತ್ತೋ ಅವರಿಗೇ ತೊಟ್ಟಿ. ಒಂದು ಕಾಲಿಲ್ಲದ ಓಟಗಾರ್ತಿಯೊಬ್ಬಳು ಕೇಳಿದ್ದಾಳಲ್ಲ, ಗೆದ್ದ ಸುರುಳಿಯಲ್ಲೇ ಅವಳಿಗೆ ಕೃತಕ ಕಾಲು ಮಾಡೋಣ" ಎಂದರು.

"ಅಕ್ಕ, ನಿಮ್ಮೆದುರು ನಾನ್ಯಾವ ಲೆಕ್ಕ!" ಎಂದಳು ವಾರಗಿತ್ತಿ. ಬೆಣ್ಣೆ ಹಚ್ಚುವುದರಲ್ಲಿ ಎತ್ತಿದ ಕೈ.

ನನ್ನ ಪಟ್ಟಿ ಎಂಬತ್ತೆರಡರ ಒತ್ತಡಕ್ಕೆ ಬಿಟ್ಟುಕೊಂಡಿತು. ಮರುದಿನ ಅವಳ ಸರದಿ. ಕರೆಂಟಿನ ಗುಂಡಿಯನ್ನು ಮೂರಕ್ಕೆ ಇಟ್ಟು, ನೂಲು ಓಡುತ್ತಿರುವಾಗಲೇ ಊಟಕ್ಕೆ ಹೊರಟಳು.

"ಸ್ವಲ್ಪ ನೋಡ್ಕೊಳ್ತೀರಾ ಅಕ್ಕ? ಕರೆಂಟು ಕಡಿಮೆ ಆಯ್ತೇನೋ ಅಂತ ಭಯ."

"ಹೋಗಿ ಊಟ ಮಾಡ್ಕೊಂಡು ಬಾ ಮಾರಾಯ್ತಿ" ಎಂದೆ. ಅವಳು ಆಚೆ ಹೋದದ್ದೇ ತಡ, ಗುಂಡಿಯನ್ನು ಏಳಕ್ಕೆ ತಿರುಗಿಸಿದೆ. ಬರುವ ಹೊತ್ತಿಗೆ ಮತ್ತೆ ಮೂರಕ್ಕೆ ತಂದಿಟ್ಟೆ. ನೂಲು ಸವೆದಿರುತ್ತದೆ, ಅವಳ ಪಟ್ಟಿ ಪಟ್ಟನೆ ಮುರಿಯುತ್ತದೆ ಎಂದು ನನ್ನ ಲೆಕ್ಕ.

ಅವಳ ಪಟ್ಟಿ ನೂರಾ ನಾಲ್ಕು ತಡೆಯಿತು! ಎಲ್ಲರೂ ಚಪ್ಪಾಳೆ ತಟ್ಟಿದರು.

"ಅದು ಹೇಗೆ ಸಾಧ್ಯ?" ಎಂದು ಪರೀಕ್ಷೆ ಮಾಡುವವನನ್ನು ಕೇಳಿದೆ.

"ಈ ಯಂತ್ರ ಅಂಟು ಬಿಡುತ್ತಾ ಅಂತಷ್ಟೇ ನೋಡೋದು. ತರಿ ಜಾಸ್ತಿ ಆದಷ್ಟೂ ಹಿಡಿತ ಜಾಸ್ತಿ. ನೂಲಿನ ಬಲ ನೋಡೋದು ತಿಂಗಳ ಕೊನೆಗೆ."

ಹದಿನಾಲ್ಕು ವರ್ಷದಲ್ಲಿ ನಾನು ಆ ಪರೀಕ್ಷೆಯ ಕೋಣೆಯೊಳಗೆ ಇಣುಕಿಯೂ ನೋಡಿರಲಿಲ್ಲ. ನನ್ನ ಜಾಗವನ್ನು ನನ್ನ ಕೈಯಾರೆ ಅವಳಿಗೆ ಕೊಟ್ಟಿದ್ದೆ. ಆಮೇಲೆ ಹೊಳೆಯಿತು: ಆ ಕಾಲು ಮುರಿದರೆ ಕೆಡುವುದು ಅವಳ ಹೆಸರು ತಾನೇ? ನಾಚಿಕೆಯಿಲ್ಲದೆ ಹೇಳುತ್ತೇನೆ, ಹೊಟ್ಟೆ ತಣ್ಣಗಾಯಿತು.

ಎರಡು ದಿನ ಬಿಟ್ಟು ಓಟಗಾರ್ತಿ ಅಳತೆ ಕೊಡಲು ಬಂದಳು. ಊರುಗೋಲು ಊರಿಕೊಂಡು, ತೊಟ್ಟಿಯ ಹತ್ತಿರ ನಿಂತು, "ಇದೇನಾ ನನ್ನ ಕಾಲು?" ಎಂದು ಸುರುಳಿ ನೋಡಿ ಖುಷಿಪಟ್ಟಳು. ಆ ಕಾಲು ಮುರಿದರೆ ಬೀಳುವವಳು ಇವಳು ಎಂದು ನನಗೆ ಆಗಷ್ಟೇ ಹೊಳೆಯಿತು. ಅವಳು ಹೋದ ಮೇಲೆ ನೇರವಾಗಿ ವಾರಗಿತ್ತಿಯ ಬಳಿ ಹೋದೆ.

"ಆ ಸುರುಳಿ ಕಾಲಿಗೆ ಬೇಡ ಕಣೇ. ಕರೆಂಟು ತಿಂದುಬಿಟ್ಟಿದೆ."

ಅವಳು ಬೆಚ್ಚಿಬಿದ್ದಳು. ಆಮೇಲೆ ಗಟ್ಟಿಯಾಗಿ ನನ್ನ ಕೈ ಹಿಡಿದಳು. "ಗುಂಡಿ ತಿರುಗಿಸಿದ್ದು ನೀವೇ ಅಂತ ಗೊತ್ತು ಅಕ್ಕ. ಬಾಗಿಲ ಹತ್ತಿರದಿಂದ ನೋಡ್ದೆ, ಎಷ್ಟಕ್ಕೆ ಅಂತ ಕಾಣಲಿಲ್ಲ. ಕಡಿಮೆ ಆಯ್ತೇನೋ ಅಂದಿದ್ನಲ್ಲ, ಸರಿ ಮಾಡಿಕೊಟ್ರು ಅಂದ್ಕೊಂಡೆ. ನನಗೋಸ್ಕರ ನಿಮ್ಮ ಜಾಗಾನೇ ಬಿಟ್ಟುಕೊಟ್ರಲ್ಲ ಅಂತ ಅವತ್ತು ಅತ್ತುಬಿಟ್ಟೆ. ಮನೇಲೂ ಎಲ್ಲರಿಗೂ ಹೇಳಿದೀನಿ."

ಮೂರು ದಿನದಿಂದ ಅತ್ತೆ ನನ್ನ ತಟ್ಟೆಗೆ ಮೊದಲು ಬಡಿಸುತ್ತಿದ್ದುದು ಯಾಕೆಂದು ಈಗ ತಿಳಿಯಿತು.

"ಅಷ್ಟು ಏರಿಸಿದ್ರೆ ನೂಲು ಹಾಳಾಗುತ್ತೆ ಅಂತ ನಿಮಗೂ ಹೊಳೀಲಿಲ್ಲ, ಅಲ್ವಾ ಅಕ್ಕ?"

ಹೂಂ ಎಂದಿದ್ದರೆ ಸಾಕಿತ್ತು. ಎಲ್ಲರ ಕಣ್ಣಲ್ಲೂ ದೊಡ್ಡವಳಾಗಿಯೇ ಉಳಿಯುತ್ತಿದ್ದೆ. ಆದರೆ ಅವಳ ಆ ಒಳ್ಳೆಯತನವನ್ನು ಕಂಡು ಆಗಲೂ ಹೊಟ್ಟೆ ಉರಿಯಿತು ನನಗೆ.

"ಹದಿನಾಲ್ಕು ವರ್ಷ ಇಲ್ಲಿ ನಿಂತವಳು ನಾನು" ಎಂದೆ. "ಹಾಳಾಗಲಿ ಅಂತಲೇ ತಿರುಗಿಸಿದೆ."

ಅವಳು ಕೈ ಬಿಟ್ಟಳು. ಸುರುಳಿಯನ್ನು ಎತ್ತಿಕೊಂಡು, "ಮ್ಯಾನೇಜರ್‌ಗೆ ಹೇಳಬೇಕು, ಬನ್ನಿ" ಎಂದಳು. ಅಕ್ಕ ಎನ್ನಲಿಲ್ಲ.