ಮನಿಲಾದವರ ಪರವಾಗಿ

ತೀರಿಹೋದ ಅಪ್ಪ ಸಿದ್ದರಾಮಪ್ಪನವರ ಹಣೆಯ ವಿಭೂತಿಯನ್ನು ಕಲಾ ಸರಿಮಾಡುತ್ತಿದ್ದಾಗಲೇ ಜರ್ಸಿ ಸಿಟಿಯ ಫ್ಯೂನರಲ್ ಹೋಮಿನೊಳಗೆ ಹತ್ತಾರು ಫಿಲಿಪಿನೊ ಮಂದಿ ಮದುವೆಗೆ ಬಂದವರ ಹಾಗೆ ಮಿರಮಿರ ಮಿಂಚುತ್ತ ಬಂದರು. ಚಿಕ್ಕಪ್ಪ ಸುಬ್ಬು ಎದ್ದುಹೋಗಿ, ನಿಮ್ಮದು ಪಕ್ಕದ ಹಾಲ್ ಇರಬೇಕು ಎಂದು ಬಾಗಿಲು ತೋರಿಸಿದರು. ಬಂದವರು ಕದಲಲಿಲ್ಲ. ಸಿದ್ದರಾಮಪ್ಪನವರಿಗಾಗಿಯೇ ಬಂದಿದ್ದೇವೆ ಎಂದರು.

ಕಲಾಳಿಗೆ ಬೇರೆಯದೇ ಚಿಂತೆ. ಇನ್ನೇನು ಅಪ್ಪನ ಬಗ್ಗೆ ನಾಲ್ಕು ಮಾತಾಡಬೇಕು. ಕ್ರ್ಯಾನ್‌ಬರಿ ಊರಿನ ಗೋದಾಮಿನಲ್ಲಿ ಲೆಕ್ಕ ಬರೆದರು, ನಿವೃತ್ತರಾದರು, ಟೀವಿ ಮುಂದೆ ಕೂತರು. ಒಂದೇ ಮನೆಯಲ್ಲಿದ್ದೂ ತನಗೆ ಇನ್ನೊಂದು ವಾಕ್ಯ ಸಿಗದಲ್ಲ ಎಂದು ಅವಳಿಗೆ ನಾಚಿಕೆಯಾಗುತ್ತಿತ್ತು.

*

ಬಂದವರ ಜೊತೆಗಿದ್ದ ಎದುರುಮನೆಯ ನರ್ಸ್ ಲೂರ್ಡೆಸ್ ಹೇಳಿದ ಮೇಲೆಯೇ ಕಲಾಳಿಗೆ ಗೊತ್ತಾದದ್ದು ಇದು. ಲೂರ್ಡೆಸ್ ಪ್ರತಿವರ್ಷ ಫಿಲಿಪಿನೊ ಸಿನಿಮಾ ಪ್ರಶಸ್ತಿ ಸಮಾರಂಭ ನಡೆಸುತ್ತಾಳೆ. ಗೆದ್ದವರು ಮನಿಲಾದಿಂದ ಬರುವುದು ಅಪರೂಪ. ಅವರ ಪರವಾಗಿ ಯಾರಾದರೂ ವೇದಿಕೆ ಹತ್ತಬೇಕು. ತಮ್ಮಲ್ಲೇ ಒಬ್ಬರನ್ನು ಹತ್ತಿಸಿದರೆ ಉಳಿದವರಿಗೆ ಮುನಿಸು. ಯಾರ ಕಡೆಯವರೂ ಅಲ್ಲದ, ಸೂಟ್ ಇರುವ, ಸದಾ ಬಿಡುವಾಗಿರುವ ಮನುಷ್ಯನೆಂದರೆ ಸಿದ್ದರಾಮಪ್ಪ. ಮೊದಲ ಸಲ ಮೈಕ್ ಹಿಡಿದಾಗ ಇಂಗ್ಲಿಷ್ ಕೈಕೊಟ್ಟಿತು. ಬಾಯಿಗೆ ಬಂದ ಕನ್ನಡ ಆಡಿ ಇಳಿದರು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಅಂದಿನಿಂದ ವರ್ಷವರ್ಷವೂ ಅದೇ ಭಾಷಣ. ಮನೆಯಲ್ಲಿ ಮಾತ್ರ ಊಟಕ್ಕೆ ಕರೆದಿದ್ದಾರೆ ಎಂದಷ್ಟೇ ಹೇಳಿ ಹೋಗುತ್ತಿದ್ದರು.

*

ಆ ಭಾಷಣ ನನಗೆ ಬಾಯಿಪಾಠ, ಅರ್ಥ ಮಾತ್ರ ಗೊತ್ತಿಲ್ಲ ಎಂದು ಲೂರ್ಡೆಸ್ ಮುಂದೆ ಬಂದು, ಎದೆಯ ಮೇಲೆ ಕೈಯಿಟ್ಟು, ಪ್ರಾರ್ಥನೆಯ ಧಾಟಿಯಲ್ಲಿ ಶುರುಮಾಡಿದಳು.

“ಎಲ್ಲಾರಿಗೂ ಶರಣು. ಕುಂತು ಕುಂತು ನನ್ನ ಸೊಂಟ ಹಿಡದೈತಿ. ಈ ಸಿನಿಮಾ ನಾ ನೋಡಿಲ್ಲ. ಈ ನಟಿ ಯಾರಂತ ಗೊತ್ತಿಲ್ಲ. ಲಗೂನ ಊಟಕ್ಕ ಹಚ್ರಿ.”

ಸುಬ್ಬು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡರು. ಕನ್ನಡದವರೆಲ್ಲ ತಲೆ ತಗ್ಗಿಸಿ ಕುಲುಕುತ್ತಿದ್ದರು. ಪಾಪ, ದುಃಖ ತಡೆಯಲಾಗುತ್ತಿಲ್ಲ ಎಂದುಕೊಂಡು ಫಿಲಿಪಿನೊ ಮಂದಿ ಇನ್ನೂ ಜೋರಾಗಿ ಅತ್ತರು.

ಲೂರ್ಡೆಸ್ ಮುಗಿಸಿರಲಿಲ್ಲ. “ಮನ್ಯಾಗ ಮಗಳನ್ನ ಕನ್ನಡದಾಗ ಕೇಳಿದ್ರ ಇಂಗ್ಲಿಷ್‌ನ್ಯಾಗ ಹೇಳ್ತಾಳ. ಆಕೀ ತಪ್ಪಲ್ಲ ಬಿಡ್ರಿ. ನೀವ ಚಲೋ. ಏನೂ ತಿಳೀದಿದ್ರೂ ಪೂರ್ತಿ ಕೇಳ್ತೀರಿ.”

ಕಲಾಳ ನಗು ನಿಂತಿತು. ಲೂರ್ಡೆಸ್ ಅವಳ ಕೈಹಿಡಿದು, ಇದರ ಅರ್ಥವೇನು ಎಂದು ಕೇಳಿದಳು. ನಿಮಗೆಲ್ಲ ಥ್ಯಾಂಕ್ಸ್ ಹೇಳಿದ್ದಾರೆ ಎಂದಳು ಕಲಾ. ಅದೇನೂ ಸುಳ್ಳಾಗಿರಲಿಲ್ಲ.

ಈಗ ಅವಳ ಸರದಿ. ಮೈಕ್ ಹಿಡಿದು, ಇಂಗ್ಲಿಷಿನಲ್ಲಿ ಉರುಹೊಡೆದದ್ದನ್ನೆಲ್ಲ ಬಿಟ್ಟು, ಸಭೆಗೆ ಬೆನ್ನುಹಾಕಿ ಅಪ್ಪನ ಕಡೆ ತಿರುಗಿ ನಿಂತಳು.

“ಅಪ್ಪಾ,” ಎಂದಳು. ಮುಂದಿನ ಕನ್ನಡ ಶಬ್ದ ಹುಡುಕುತ್ತ ಅವರ ಹಣೆಯ ವಿಭೂತಿಯನ್ನು ಮತ್ತೊಮ್ಮೆ ಸರಿಮಾಡಿದಳು.

“ನೀ ಅಂದದ್ದೆಲ್ಲಾ ನಂಗ... ತಿಳೀತಿತ್ತು.”