ಮೂವತ್ತು ದಿನ

ನಾಲ್ಕನೆಯ ಸಲವೂ ಪರದೆಯ ಮೇಲೆ ಅದೇ ಕೆಂಪು ಸಾಲು ಬಂತು: ಸಂಪರ್ಕ ಆಗಲಿಲ್ಲ. ಡೇಟಾಬೇಸು ಬಾಗಿಲು ತೆರೆದುಕೊಂಡು ಕೂತಿತ್ತು. ಕಾರ್ಖಾನೆಯ ನೆಟ್‌ವರ್ಕ್ ನೋಡಿಕೊಳ್ಳಬೇಕಾದ ಹೊಸ ಸಾಫ್ಟ್‌ವೇರು ಅದೇ ಸರ್ವರಿನಲ್ಲಿ ಪಕ್ಕದಲ್ಲೇ ಇತ್ತು. ಆದರೂ ಎರಡೂ ಮಾತು ಬಿಟ್ಟ ಓರಗಿತ್ತಿಯರ ಹಾಗೆ ಒಂದೇ ಮನೆಯಲ್ಲಿ ಮುಖ ತಿರುಗಿಸಿಕೊಂಡಿದ್ದವು. ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದ ತಮ್ಮ.

ತಮ್ಮನಿಗೆ ಐವತ್ತೆರಡು ವರ್ಷ. ತಲೆಯ ಮೇಲಿನ ಕೂದಲಿಗಿಂತ ತಲೆಯೊಳಗಿನ ಐಪಿ ನಂಬರುಗಳೇ ಜಾಸ್ತಿ. ಆದರೂ ಆ ಬಾಟಲಿ ಕಾರ್ಖಾನೆಯಲ್ಲಿ ಮ್ಯಾನೇಜರಿನಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವನು ತಮ್ಮನೇ. ತಪಾಸಣೆ ಸಾಲಿನಲ್ಲಿ ಮೂವತ್ತೊಂದು ವರ್ಷದಿಂದ ಕೂತಿರುವ ಅವನ ಅಕ್ಕ ದಿನಕ್ಕೆ ನೂರು ಸಲ "ತಮ್ಮಾ" ಎಂದು ಕೂಗಿ ಕೂಗಿ, ಗೋಡೆಗಳಿಗೂ ಅದೇ ಬಾಯಿಪಾಠವಾಗಿತ್ತು. ಅವನನ್ನು ಕಂಪ್ಯೂಟರ್ ಕೋರ್ಸಿಗೆ ಸೇರಿಸಿದವಳು ಅವಳು. ಕಿವಿ ಹಿಡಿದು ಇಲ್ಲಿಗೆ ಕರೆತಂದವಳೂ ಅವಳೇ.

ಕಾರ್ಖಾನೆ ಮುಚ್ಚುತ್ತದಂತೆ ಎಂಬ ಗುಸುಗುಸು ಎರಡು ತಿಂಗಳಿಂದ ಇತ್ತು. ಮೂರು ಕುಲುಮೆಗಳಲ್ಲಿ ಎರಡು ಆರಿದ್ದವು. ನೋಟಿಸ್ ಬೋರ್ಡಿನಲ್ಲಿ ಒಂದು ಕಾಗದ ಅಂಟಿಸಿದ್ದರು: ಇದೇ ಕಂಪನಿಯ ಇನ್ನೊಂದು ಊರಿನ ಕಾರ್ಖಾನೆಯಲ್ಲಿ ನಲವತ್ತು ಜಾಗ ಇದೆ, ಹೋಗಲು ಇಷ್ಟ ಇದ್ದವರು ಬುಧವಾರ ಸಂಜೆ ಐದರೊಳಗೆ ಫಾರಂಗೆ ಸಹಿ ಹಾಕಿ ಆಫೀಸಿಗೆ ಕೊಡಬಹುದು. ಮುಚ್ಚುವ ಮಾತನ್ನು ಆ ಕಾಗದ ಅಪ್ಪಿತಪ್ಪಿಯೂ ಎತ್ತಿರಲಿಲ್ಲ. ಆ ಊರು ಬಸ್ಸಿನಲ್ಲಿ ಆರು ಗಂಟೆ ದೂರ. ಜನ ಸಹಿ ಹಾಕಲೋ ಬೇಡವೋ ಎಂದು ಪೆನ್ನು ಕಚ್ಚುತ್ತ ಕೂತಿದ್ದಾಗಲೇ ಹತ್ತು ದಿನದ ಹಿಂದೆ ಲಾರಿಯಲ್ಲಿ ಹೊಸ ಸರ್ವರು ಬಂದಿಳಿಯಿತು.

ಅವತ್ತು ಕ್ಯಾಂಟೀನಿನಲ್ಲಿ ಅಕ್ಕನ ಮುಂದೆ ತಮ್ಮ ಬಾಯಿ ಬಿಟ್ಟ. "ಮುಚ್ಚೋ ಜಾಗಕ್ಕೆ ಯಾರಾದ್ರೂ ಹೊಸ ಸರ್ವರ್ ಕಳಿಸ್ತಾರಾ? ಇದರಲ್ಲಿ ಹಾಕೋ ಡೇಟಾಬೇಸು ಐದು ವರ್ಷದ ಮಾಹಿತಿ ಇಟ್ಕೊಳ್ಳುತ್ತೆ. ಐದು ವರ್ಷ!"

ಚಹಾ ಮುಗಿಯುವುದರೊಳಗೆ ಐದು ವರ್ಷ ಹತ್ತಾಗಿತ್ತು. ಸಂಜೆ ಬಸ್ಸು ಹತ್ತುವ ಹೊತ್ತಿಗೆ ನಾಲ್ಕನೆಯ ಕುಲುಮೆ ಕಟ್ಟುತ್ತಾರಂತೆ ಎಂಬಲ್ಲಿಗೆ ಬಂದಿತ್ತು. ಅಕ್ಕ ತನ್ನ ಫಾರಂ ಮಡಿಸಿ ಊಟದ ಚೀಲದ ತಳಕ್ಕೆ ಹಾಕಿದಳು. ಅವಳ ಸಾಲಿನ ಹನ್ನೊಂದು ಹೆಂಗಸರೂ ಹಾಗೇ ಮಾಡಿದರು.

ಇವತ್ತು ಬುಧವಾರ, ಮಧ್ಯಾಹ್ನ ಎರಡು ಗಂಟೆ.

"ಏನ್ ತಮ್ಮಣ್ಣಾ, ಮಹಾರಾಣಿ ಬಾಯಿ ಬಿಟ್ಟಳಾ?" ವಾಚ್‌ಮನ್ ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಒಳಗೆ ಕಾಲಿಡಲು ಅವನಿಗೆ ಭಯ. ಜ್ವರ ಬಂದವನು ಒಳಗೆ ಹೋದರೆ ಆ ಕೋಣೆಯ ಏಸಿಗೆ ಜ್ವರವೇ ನಡುಗಿಕೊಂಡು ಆಚೆ ಓಡುತ್ತದೆ ಎಂದು ಅವನು ಹೇಳುತ್ತಿದ್ದ.

"ಇನ್ನೂ ಇಲ್ಲ. ಪಾಸ್‌ವರ್ಡು ಒಪ್ತಾ ಇಲ್ಲ."

"ನನ್ನ ಹೆಂಡತೀನೂ ಮೊದಲೆರಡು ವರ್ಷ ಹಂಗೇ ಇದ್ದಳು. ಸುಮ್ನೆ ಕೂತಿರು, ಒಪ್ಕೋತಾಳೆ." ಅವನು ನಕ್ಕ. "ಇದು ಬಂದಿತ್ತಲ್ಲ, ಆ ರಟ್ಟಿನ ಡಬ್ಬ, ಗೇಟಿನ ಹತ್ತಿರ ಇಟ್ಕೊಂಡಿದೀನಿ. ಕೂತ್ಕೊಳ್ಳೋಕೆ ಸಿಂಹಾಸನ ಆಗಿದೆ."

"ಇಟ್ಕೋ, ಇಟ್ಕೋ."

ತಪ್ಪು ಕೊನೆಗೆ ಸಿಕ್ಕಿತು. ಹೆಡ್ ಆಫೀಸಿನವರು ಕೊಟ್ಟ ಪಾಸ್‌ವರ್ಡಿನ ನಡುವೆ ಈಮೇಲ್ ವಿಳಾಸದಲ್ಲಿ ಬರುವಂಥ ಒಂದು ಸುರುಳಿ ಗುರುತು ಇತ್ತು. ಸಾಫ್ಟ್‌ವೇರು ಅಲ್ಲಿಗೇ ಪಾಸ್‌ವರ್ಡು ಮುಗಿಯಿತೆಂದು ತಿಳಿದು, ಮಿಕ್ಕಿದ್ದನ್ನು ಸರ್ವರಿನ ವಿಳಾಸವೆಂದು ಓದಿ, ಇಲ್ಲದ ಮನೆಯ ಬಾಗಿಲು ತಟ್ಟುತ್ತಿತ್ತು. ಡೇಟಾಬೇಸಿನಲ್ಲಿ ತಮ್ಮ ಆ ಗುರುತಿಲ್ಲದ ಹೊಸ ಪಾಸ್‌ವರ್ಡು ಹಾಕಿ ಮತ್ತೆ ಒತ್ತಿದ. ಸಾಲು ಹಸಿರಾಯಿತು. ಮಾಹಿತಿ ತುಂಬುವ ಇನ್ನೂರ ಹದಿನಾಲ್ಕು ಟೇಬಲ್ಲುಗಳು ಒಂದರ ಹಿಂದೊಂದು ಹುಟ್ಟತೊಡಗಿದವು. ಇಷ್ಟು ಸಲೀಸಾದ ಹೆರಿಗೆಯನ್ನು ಯಾವ ದಾದಿಯೂ ನೋಡಿರಲಿಕ್ಕಿಲ್ಲ. ಅವನು ಕುರ್ಚಿಗೆ ಒರಗಿ ಬೆರಳಿನ ನೆಟಿಕೆ ತೆಗೆದ.

ಕೊನೆಯಲ್ಲಿ ಒಂದು ಪ್ರಶ್ನೆ ಬಂತು: ಹಳೆಯ ಮಾಹಿತಿಯನ್ನು ಎಷ್ಟು ದಿನ ಉಳಿಸಿಕೊಳ್ಳಬೇಕು? ತಮ್ಮ ಯೋಚಿಸದೆ ಸಾವಿರದ ಎಂಟುನೂರ ಇಪ್ಪತ್ತೈದು ಎಂದು ಹೊಡೆದ. ಐದು ವರ್ಷ. ಆಮೇಲೆ, ಒಂದು ಸಲ ನೋಡಿಬಿಡೋಣ ಎಂದು ಹೆಡ್ ಆಫೀಸಿನಿಂದ ಬಂದಿದ್ದ ಸೂಚನೆಯ ಹಾಳೆ ತಿರುವಿದ. ಅಲ್ಲಿ ಮೂವತ್ತು ಎಂದಿತ್ತು.

ಟೈಪಿಸುವಾಗ ತಪ್ಪಿರಬೇಕು ಅಂದುಕೊಂಡು ಫೋನ್ ಮಾಡಿದ. ಹೆಡ್ ಆಫೀಸಿನ ಎಂಜಿನಿಯರಮ್ಮ ಬಲು ಮರ್ಯಾದೆಯವಳು, ಮಾತಿಗೆರಡು ಸಲ ಸರ್ ಅನ್ನುವವಳು.

"ಇಲ್ಲ ಸರ್, ಮೂವತ್ತೇ. ಅಷ್ಟರಲ್ಲಿ ಪಟ್ಟಿ ಪೂರ್ತಿ ಸಿಕ್ಕಿಬಿಡುತ್ತೆ ಸರ್."

"ಯಾವ ಪಟ್ಟಿ ಮೇಡಂ?"

"ಅಲ್ಲಿ ಎಷ್ಟು ನೆಟ್‌ವರ್ಕ್ ಸ್ವಿಚ್ಚು, ಎಷ್ಟು ಕ್ಯಾಮೆರಾ, ಯಾವ ವರ್ಷದ್ದು, ನಡೀತಾ ಇದೆಯಾ ಇಲ್ವಾ ಅಂತ. ಆ ಸಾಮಾನು ತಗೊಳ್ಳೋರು ಒಂದು ತಿಂಗಳ ರೆಕಾರ್ಡ್ ಕೇಳಿದಾರೆ ಸರ್." ಆ ಕಡೆ ಕೀಬೋರ್ಡು ಟಕಟಕ ಅನ್ನುತ್ತಿತ್ತು. "ಹಾಂ, ಸರ್ವರ್ ಬಂದ ಡಬ್ಬ ಎಸೀಬೇಡಿ ಸರ್. ಮುಂದಿನ ತಿಂಗಳು ಅದರಲ್ಲೇ ವಾಪಸ್ ಕಳಿಸ್ಬೇಕು."

ತಮ್ಮ ಆಯಿತು ಅಂದ. ಫೋನ್ ಇಟ್ಟ ಮೇಲೆ ಪರದೆಯ ಮೇಲಿನ ನಾಲ್ಕು ಅಂಕಿಗಳನ್ನು ಒಂದೊಂದಾಗಿ ಅಳಿಸಿದ. ಮೂವತ್ತು ಎಂದು ಹಾಕಿ, ಮುಂದಕ್ಕೆ ಒತ್ತಿ, ಎದ್ದು ಹೊರಟ.

ತಪಾಸಣೆ ಸಾಲಿನಲ್ಲಿ ಗುಟ್ಟು ಅನ್ನುವುದೇ ಇಲ್ಲ. ಕುಲುಮೆಯ ಗಾಳಿಯಂತ್ರ, ಬಾಟಲಿಗೆ ಬಾಟಲಿ ತಗಲುವ ಸದ್ದು, ಬೆಲ್ಟಿನ ಕಿರುಚಾಟ ಎಲ್ಲ ಸೇರಿ, ಕಿವಿಯಲ್ಲಿ ಹೇಳಬೇಕಾದ್ದನ್ನೂ ಮುಂದಿನ ಬೀದಿಗೆ ಕೇಳುವ ಹಾಗೆ ಕೂಗಬೇಕು. ಅಕ್ಕ ಎತ್ತರದ ಸ್ಟೂಲಿನ ಮೇಲೆ ಕೂತು, ಬಿಳಿ ದೀಪದ ಮುಂದೆ ಸಾಲಾಗಿ ಹೋಗುತ್ತಿದ್ದ ಬಾಟಲಿಗಳನ್ನು ನೋಡುತ್ತಿದ್ದಳು. ಅವಳು ಕಣ್ಣು ಮುಚ್ಚಿಕೊಂಡು ಒಡಕು ಹಿಡಿಯುತ್ತಾಳೆ ಎಂದು ಜನ ಹೇಳುತ್ತಿದ್ದರು. ಅದೆಲ್ಲ ಸುಳ್ಳು, ಒಂದು ಕಣ್ಣಾದರೂ ತೆರೆದಿರಬೇಕಿತ್ತು. ಕೈಗವಸಿನ ಬೆರಳು ಚಾಚಿ ಒಂದು ಬಾಟಲಿಯನ್ನು ಕುತ್ತಿಗೆ ಹಿಡಿದು ಎತ್ತಿ ಒಡಕಿನ ಡ್ರಮ್ಮಿಗೆ ಹಾಕಿದಳು.

"ಏನೋ ತಮ್ಮಾ! ಮಿಷನ್ ನಿನ್ನನ್ನ ಆಚೆ ಹಾಕ್ತಾ?" ಎಂದು ಕೂಗಿದಳು. ಸಾಲು ಪೂರ್ತಿ ನಕ್ಕಿತು.

"ಅಕ್ಕಾ, ಸ್ವಲ್ಪ ಹೊರಗೆ ಬಾ."

"ಏನು?"

"ಹೊರಗೆ ಬಾ!"

"ಇಲ್ಲೇ ಹೇಳೋ, ನೀನೇನು ನನಗೆ ಗಂಡು ನೋಡ್ಕೊಂಡು ಬಂದಿದೀಯಾ?"

ಮತ್ತೆ ನಗು. ತಮ್ಮ ನಗಲಿಲ್ಲ. ಅಕ್ಕ ಅವನ ಮುಖವನ್ನು ಒಂದು ಬಾಟಲಿ ಹಾದುಹೋಗುವಷ್ಟು ಹೊತ್ತು ನೋಡಿದಳು. ಪಕ್ಕದವಳನ್ನು ತನ್ನ ಸ್ಟೂಲಿಗೆ ಕೂರಿಸಿ ಇಳಿದು ಬಂದಳು.

ಹಿಂಭಾಗದಲ್ಲಿ ಒಡೆದ ಗಾಜಿನ ರಾಶಿ ಆಳೆತ್ತರ ಬಿದ್ದಿತ್ತು. ಅದರ ನೆರಳಿನಲ್ಲಿ ನಿಂತು ತಮ್ಮ ಹೇಳಿದ. ಅಕ್ಕ ಕೈಗವಸು ಕಳಚುತ್ತ ಕೇಳಿದಳು.

"ಐದು ವರ್ಷ ಅಂದಿದ್ದೆ."

"ಅಂದಿದ್ದೆ."

"ಈಗ ಮೂವತ್ತು ದಿನ ಅಂತೀಯ."

"ಆಮೇಲೆ ಆ ಸರ್ವರೂ ಇಲ್ಲಿರಲ್ಲ ಅಕ್ಕಾ. ಇಲ್ಲಿ ಏನೇನಿದೆ ಅಂತ ಪಟ್ಟಿ ಮಾಡೋಕಷ್ಟೇ ಅದು ಬಂದಿರೋದು. ಪಟ್ಟಿ ನೋಡ್ಕೊಂಡು ಕೊಂಡ್ಕೋತಾರೆ."

"ಆ ಪಟ್ಟೀಲಿ ನಾನಿದೀನಾ?"

"ವೈರಿರೋ ಸಾಮಾನಷ್ಟೇ ಬರುತ್ತೆ."

"ಇಷ್ಟು ವರ್ಷ ಕೂತಿದ್ದಕ್ಕೆ ಒಂದು ವೈರಾದ್ರೂ ಚುಚ್ಚಿಸ್ಕೊಂಡಿರಬೇಕಾಗಿತ್ತು ನೋಡು," ಅಂದಳು ಅಕ್ಕ. ತಾನೇ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದಳು.

"ಐದರವರೆಗೂ ಟೈಮಿದೆ. ಫಾರಂ ಎಲ್ಲಿ? ನಡಿ, ಆಫೀಸಿಗೆ ಹೋಗೋಣ."

ಫಾರಂ ಚೀಲದ ತಳದಲ್ಲೇ ಇತ್ತು. ಸಾರು ಚೆಲ್ಲಿ ಒಂದು ಮೂಲೆ ಹಳದಿಯಾಗಿತ್ತು. ಆಫೀಸಿನ ಗುಮಾಸ್ತ ಅದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದ. ಆಮೇಲೆ ಅಕ್ಕನ ಕಡೆ ನೋಡಲಾರದೆ ಸ್ಟೇಪ್ಲರಿನ ಕಡೆ ನೋಡಿದ.

"ನಲವತ್ತೂ ತುಂಬಿಹೋಯ್ತಲ್ಲ ಅಕ್ಕಾ."

"ಐದು ಗಂಟೆವರೆಗೆ ಅಂತ ಹಾಕಿದೀರಿ!" ತಮ್ಮನ ದನಿ ಏರಿತು.

"ಜಾಗ ಇದ್ದರೆ ಐದರವರೆಗೆ ತಮ್ಮಣ್ಣಾ. ಕುಲುಮೆಯವರು ಬೆಳಿಗ್ಗೆ ಒಟ್ಟಿಗೆ ಬಂದರು." ಗುಮಾಸ್ತ ಅಕ್ಕನ ಕಡೆ ತಿರುಗಿದ. "ನಿನಗೆ ಅಂತ ಒಂದನ್ನ ಹನ್ನೊಂದರವರೆಗೂ ಹಿಡಿದಿಟ್ಟಿದ್ದೆ. ಟೀ ಟೈಮಲ್ಲಿ ಬಂದು ಕೇಳಲಿಲ್ವಾ ನಾನು? ನೀನೇ ನಕ್ಕುಬಿಟ್ಟೆ. ಹೊಸ ಮಿಷನ್ ಬಂದಿದೆ, ನೀನೂ ಎಲ್ಲಿಗೂ ಹೋಗ್ಬೇಡ ಮಾರಾಯಾ ಅಂದೆ."

"ಹೌದು ಕಣಪ್ಪಾ, ಅಂದೆ," ಎಂದಳು ಅಕ್ಕ. "ನೀನು ಹಾಕಿದೀಯಾ ಸಹಿ?"

ಗುಮಾಸ್ತ ಡ್ರಾಯರ್ ಎಳೆದು, ಅದರೊಳಗೆ ಏನನ್ನೋ ಹುಡುಕಿದ. "ನಂದು ಮೊದಲನೇ ದಿನವೇ."

"ಒಳ್ಳೇದಾಯ್ತು ಬಿಡು."

ಹೊರಗೆ ಬಂದ ಮೇಲೆ ತಮ್ಮ ಗೋಡೆಗೆ ಕೈ ಊರಿ ನಿಂತ. "ಬೈಯಿ ಅಕ್ಕಾ. ಎರಡೇಟು ಹೊಡಿ. ಸುಮ್ನಿರಬೇಡ."

"ನಿನ್ನ ಹೊಡೆದು ನನ್ನ ಕೈ ಯಾಕೆ ನೋಯಿಸ್ಕೊಳ್ಲಿ?" ಅವಳು ಫಾರಂ ಮಡಿಸಿ ಮಡಿಸಿ ಬೆಂಕಿಪೊಟ್ಟಣದಷ್ಟು ಮಾಡಿದಳು. "ನೀನು ಹೇಳಿದ್ದು ನನಗೆ. ಆ ಹನ್ನೊಂದು ಜನಕ್ಕೆ ಹೇಳಿದ್ದು ನಾನು ಕಣೋ. ಮೂಲೇಲಿ ಕೂರ್ತಾಳಲ್ಲ ಕುಳ್ಳಿ, ಪೆನ್ನು ತೆಗೆದಿದ್ದಳು. ನಾನೇ ಕೈ ಹಿಡ್ಕೊಂಡೆ."

"ನಾನೇ ಹೋಗಿ ಹೇಳ್ತೀನಿ ಅವರಿಗೆ."

"ಸಾಲಲ್ಲಿ ಹೇಳಬೇಡ. ಗಾಜಿನ ಕೆಲಸ, ಯಾರಾದ್ರೂ ಕೈ ಕುಯ್ಕೊಂಡಾರು. ಶಿಫ್ಟ್ ಮುಗೀಲಿ." ಅವಳು ಕೈಗವಸು ಹಾಕಿಕೊಂಡು ಒಳಗೆ ಹೋದಳು. ಇನ್ನೊಂದು ಗಂಟೆ ಬಾಟಲಿ ನೋಡಿದಳು. ಆ ಗಂಟೆಯಲ್ಲಿ ಅವಳ ಡ್ರಮ್ಮಿಗೆ ಬಿದ್ದಷ್ಟು ಬಾಟಲಿ ಅದರ ಹಿಂದಿನ ವಾರವೆಲ್ಲ ಸೇರಿದರೂ ಬಿದ್ದಿರಲಿಲ್ಲ.

ನಾಲ್ಕಕ್ಕೆ ಗಂಟೆ ಹೊಡೆದಾಗ ನಲ್ಲಿಗಳ ಹತ್ತಿರ ತಮ್ಮ ಕಾಯುತ್ತಿದ್ದ. ಉದ್ದನೆಯ ಸಿಮೆಂಟಿನ ತೊಟ್ಟಿ, ಆರು ನಲ್ಲಿ, ಕೆಟ್ಟದ್ದು ಎರಡು. ಹೆಂಗಸರು ತಲೆಗೆ ಕಟ್ಟಿದ ಬಟ್ಟೆ ಬಿಚ್ಚುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಬಂದರು.

"ಏನ್ ತಮ್ಮಣ್ಣಾ, ಮಿಷನ್ ಶುರುವಾಯ್ತಾ?" ಕುಳ್ಳಿ ಕೇಳಿದಳು.

"ಶುರುವಾಯ್ತು."

"ನೋಡ್ರೇ, ಆಯ್ತಂತೆ! ನಾಳೆ ಕ್ಯಾಂಟೀನಲ್ಲಿ ಎಲ್ಲರ ಟೀನೂ ತಮ್ಮಣ್ಣಂದೇ."

ತಮ್ಮ ಬಾಯಿ ತೆರೆದ. ಅಕ್ಕ ಹಿಂದಿನಿಂದ ಬಂದು ಅವನ ತೋಳು ಹಿಡಿದಳು.

"ಮೊದಲು ಎಲ್ಲರೂ ಮುಖ ತೊಳ್ಕೊಳ್ರೇ," ಅಂದಳು. "ಇವನು ಏನೋ ಹೇಳ್ಬೇಕಂತೆ."

ಅವಳ ದನಿಯಲ್ಲಿ ಏನಿತ್ತೋ, ನಗು ತಾನಾಗಿಯೇ ನಿಂತಿತು. ನಾಲ್ಕು ನಲ್ಲಿಗಳ ಮುಂದೆ ಸರದಿಯಲ್ಲಿ ನಿಂತು, ಒಂದೇ ಸೋಪನ್ನು ಕೈಯಿಂದ ಕೈಗೆ ದಾಟಿಸಿ ತೊಳೆದುಕೊಂಡರು. ಕುಳ್ಳಿ ಕೊನೆಯವಳು. ಬೆರಳಿನ ಸಂದು, ಮುಂಗೈ, ಮೊಣಕೈ, ಕಿವಿಯ ಹಿಂದೆ ಎಲ್ಲ ತೊಳೆದಳು. ಮುಖಕ್ಕೆ ಇನ್ನೊಂದು ಸಲ ಸೋಪು ಹಚ್ಚಿಕೊಂಡಳು. ಯಾರೂ ಬೇಗ ಮಾಡು ಅನ್ನಲಿಲ್ಲ. ನೀರು ಸಿಮೆಂಟಿನ ತೊಟ್ಟಿಯಲ್ಲಿ ನೊರೆ ತಳ್ಳಿಕೊಂಡು ಹರಿಯುತ್ತಿತ್ತು. ಅವಳು ಕಣ್ಣು ಮುಚ್ಚಿ, ನಲ್ಲಿಗೆ ಕೈಯೊಡ್ಡಿ ನಿಂತೇ ಇದ್ದಳು.