ನಮ್ಮ ಮನೆಯ ಪಾಳಿ

"ಪಾದ್ರಿಗೋಳ, ದೇವರ ಚಿತ್ತ ಅಂತ ಅನ್ನಬ್ಯಾಡ್ರಿ," ಎಂದು ತಾರವ್ವ ಗುಂಡಿಯ ಅಂಚಿನಲ್ಲೇ ಪರಮಾನಂದ ಪಾದ್ರಿಗಳ ತೋಳು ಹಿಡಿದಳು.

ಪಾದ್ರಿಗಳು ತೆರೆದ ಪುಸ್ತಕ ಹಿಡಿದು ನಿಂತಿದ್ದರು. ಪಕ್ಕದಲ್ಲಿ ತಾರವ್ವನ ಗಂಡ, ಸಭೆಯ ಹಿರಿಯ ಧರ್ಮರಾಜ ಮಾಸ್ತರರ ಶವಪೆಟ್ಟಿಗೆ.

"ನಿದ್ದಿಯೊಳಗ ಹ್ವಾದವ್ರಿಗೆ ಮತ್ತೇನ್ ಹೇಳ್ಲೆವಾ?"

"ನಿಮ್ಮ ಹಿರ್ಯಾಗ ಅದು ಸೇರ್ತಿರಲಿಲ್ರಿ. ಸಂಧ್ಯಾ ಹ್ವಾದಾಗಿಂದ ಸೇರ್ತಿರಲಿಲ್ಲ."

ಗುಂಪಿನ ಹಿಂದೆ ಬೇವಿನ ಗಿಡದ ಹತ್ತಿರ ಹಿರಿಮಗಳು ರಾಧಿಕಾ ನಿಂತಿದ್ದಳು. ಮುಧೋಳದ ಮನೆಯಲ್ಲಿ ಎಲ್ಲರೂ ಅಪ್ಪನ ಮುಖ ನೋಡಲು ಸಾಲುಗಟ್ಟಿದಾಗಲೂ ಅವಳು ಒಳಗೆ ಕಾಲಿಡಲಿಲ್ಲ. ಅಪ್ಪ ಮಗಳಿಗೆ ಮಾತು ನಿಂತು ಆರು ವರ್ಷವಾಗಿತ್ತು.

\*

ಆಗ ಮಾಸ್ತರರ ಮನೆಯವರು ಗಲಗಲಿಯಲ್ಲಿದ್ದರು. ಹೊಳೆ ಉಕ್ಕಿ ಊರಿಗೆ ನುಗ್ಗಿದ ಸಂಜೆ ಪ್ರಾರ್ಥನೆಯ ಕೂಟ ನಡೆದಿತ್ತು. ಕೊನೆಯ ಹಾಡು ಹೇಳುವುದು ವಾರಕ್ಕೊಂದು ಮನೆಯವರ ಪಾಳಿ. ಜನರನ್ನು ಸಾಗಿಸಲು ಬಂದ ಟ್ರ್ಯಾಕ್ಟರ್ ಬಾಗಿಲಲ್ಲಿ ಒಂದೇ ಸವನೆ ಹಾರ್ನ್ ಹೊಡೆಯುತ್ತಿತ್ತು. ಮಾಸ್ತರರು ಕೈ ಎತ್ತಿ, "ಒಂದ ಹಾಡು, ತಡೀರಿ," ಎಂದರು. ನಾಲ್ಕು ಚರಣ ಮುಗಿಯುವಷ್ಟರಲ್ಲಿ ರಸ್ತೆ ಮುಳುಗಿತ್ತು. ಜನರನ್ನು ಹೊತ್ತ ಟ್ರೇಲರ್ ವಾಲಿತು. ಹನ್ನೆರಡು ವರ್ಷದ ಕಿರಿಮಗಳು ಸಂಧ್ಯಾ ಕೊಚ್ಚಿಹೋದಳು.

ಮಾತನಾಡಿಸಲು ಬಂದವರೆಲ್ಲ ದೇವರ ಚಿತ್ತ ಎಂದು ಹೇಳಿ, ಚಹಾ ಕುಡಿದು ಹೋದರು. ದೇವರ ಮೇಲೆ ಹಾಕಿಬಿಟ್ಟರೆ ಎಲ್ಲರಿಗೂ ಹಗುರ. ಮಾಸ್ತರರಿಗೆ ಮಾತ್ರ ಸಿಟ್ಟು ಬರುತ್ತಿತ್ತು.

"ನೀರು ಬರೂದು ಗೊತ್ತಿತ್ರಿ. ಗಾಡಿ ನಿಲ್ಲಿಸಿದಾವ ನಾನು. ನಡುವ ಆತನ ಹೆಸರ್ಯಾಕ ತರ್ತೀರಿ?"

ಜಮಖಂಡಿಯ ಗಂಡನ ಮನೆಯಿಂದ ಓಡಿಬಂದಿದ್ದ ರಾಧಿಕಾ ಅದನ್ನು ಕೇಳಿಸಿಕೊಂಡಳು.

"ಅಪ್ಪಾ, ಖರೇನ ನೀನ ನಿಲ್ಲಿಸಿದ್ಯಾ?"

"ಹೌದವಾ."

ಅಂದಿನಿಂದ ಅವಳು ತವರಿಗೆ ಬರುವುದನ್ನೇ ಬಿಟ್ಟಳು.

\*

"ಹಂಗಾರ ಏನ್ ಹೇಳ್ಲಿ?" ಪಾದ್ರಿಗಳು ಮೆಲ್ಲಗೆ ಕೇಳಿದರು.

"ನಾ ಹೇಳ್ತೇನ್ರಿ." ತಾರವ್ವ ಬೇವಿನ ಗಿಡದ ಕಡೆ ತಿರುಗಿದಳು. ಮಗಳ ಮುಖ ನೋಡಲು ಅವಳಿಗೆ ಹೆದರಿಕೆಯಾಗುತ್ತಿತ್ತು. "ರಾಧಿಕಾ, ಅವತ್ತ ನಮ್ಮ ಮನಿ ಪಾಳಿ ಇತ್ತು. ನಿಮ್ಮಪ್ಪ ಸಂಧ್ಯಾನ ಕೈ ಹಿಡಕೊಂಡು ಗಾಡಿ ಹತ್ತಾಕ ಎದ್ದಿದ್ರು. ನಾನ ಅಂಗಿ ಜಗ್ಗಿ ಕುಂಡ್ರಿಸಿದೆ. ಪಾಳಿ ತಪ್ಪಿಸಿದ್ರ ದೇವ್ರು ಸಿಟ್ಟಾಗ್ತಾನ ಅಂದೆ. ಆಮ್ಯಾಲ ಬಾಯಿ ಬಿಡಲಿಲ್ಲ ನಾನು. ಅವ್ರೂ ಬಿಡಲಿಲ್ಲ."

ಪಾದ್ರಿಗಳು ಪುಸ್ತಕ ಮುಚ್ಚಿದರು.

ರಾಧಿಕಾ ಜನರನ್ನು ಸರಿಸಿಕೊಂಡು ಬಂದಳು. ತಾಯಿಯ ಕಡೆ ನೋಡಲೂ ಇಲ್ಲ. ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಕುಳಿತು, ಮುಚ್ಚಳಕ್ಕೆ ಬಡಿದಿದ್ದ ಮೊಳೆಯನ್ನು ಬರಿಗೈಯಿಂದ ಕೀಳತೊಡಗಿದಳು. ಉಗುರು ಹರಿದು ರಕ್ತ ಬಂತು. ಇಳಿಸಲು ಬಂದವರು ಹಗ್ಗ ಹಿಡಿದುಕೊಂಡೇ ನಿಂತಿದ್ದರು.